ಹಂಪಿಗೆ ಹೋಗುವ ಮುನ್ನ ಕಮಲಾಪುರ

ಡಿಸೆಂಬರ್ ತಿಂಗಳು ಬಂತೆಂದರೆ ಸಾಕು, ನಾಡಿನ ಮೂಲೆಮೂಲೆಗಳಿಂದ ಶಾಲಾ ಪ್ರವಾಸದ ಬಸ್ಸುಗಳು ಹಂಪಿಯ ಕಡೆ ಮುಖ ಮಾಡುತ್ತವೆ. ಬೆಳಗಿನ ಜಾವ ಹೊಸಪೇಟೆ ತಲುಪಿ, ಜಲಾಶಯದ ಬಳಿ ಉಪ್ಪಿಟ್ಟು ತಿಂದು, ಹತ್ತಕ್ಕೆ ವಿರೂಪಾಕ್ಷನ ದರ್ಶನ, ಹನ್ನೆರಡಕ್ಕೆ ಕಲ್ಲಿನ ರಥದ ಮುಂದೆ ಗುಂಪು ಫೋಟೊ, ಮೂರಕ್ಕೆ ಕಮಲ ಮಹಲು, ಗಜಶಾಲೆ. ದಾರಿಯಲ್ಲೇ ಸಿಗುವ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಸಮಯ ಉಳಿದರೆ ಹತ್ತು ನಿಮಿಷ. ಉಳಿಯದಿದ್ದರೆ ಅದೂ ಇಲ್ಲ.

ದೂರದವರ ಮಾತು ಹಾಗಿರಲಿ. ನಮ್ಮ ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಬಂದು, ಮರಿಯಮ್ಮನಹಳ್ಳಿಯ ಮೇಲೆ ಹಾಯ್ದು ಹೊಸಪೇಟೆ ಸೇರಿದರೆ ಕಮಲಾಪುರ ಅಲ್ಲಿಂದ ಹನ್ನೆರಡು ಕಿಲೋಮೀಟರ್ ಅಷ್ಟೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಹಾಗಿದ್ದೂ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯ ನಂತರ ಒಮ್ಮೆ, ಹರಕೆ ತೀರಿಸಲು ಮತ್ತೊಮ್ಮೆ ವಿರೂಪಾಕ್ಷನ ಗುಡಿಗೆ ಹೋಗಿ ಬಂದವರೇ ಹೆಚ್ಚು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಾನು ಪಾಠ ಹೇಳುವುದು ವಿಜ್ಞಾನ. ಆದರೂ ಮಕ್ಕಳನ್ನು ಕರೆದುಕೊಂಡು ಹೋಗುವಾಗಲೆಲ್ಲ ಮೊದಲು ಕಮಲಾಪುರ, ಆಮೇಲೆ ಹಂಪಿ ಎಂಬ ಕ್ರಮವನ್ನು ಬಿಟ್ಟಿಲ್ಲ. ಅಕ್ಷರ ಕಲಿಯದೆ ಪುಸ್ತಕ ತೆರೆದರೆ ಚಿತ್ರ ಮಾತ್ರ ಕಾಣುತ್ತದೆ. ಹಂಪಿ ಎಂಬ ಪುಸ್ತಕಕ್ಕೆ ಕಮಲಾಪುರವೇ ಅಕ್ಷರಮಾಲೆ.

ಅಂಗಳದಲ್ಲೊಂದು ರಾಜಧಾನಿ

ಹಂಪಿಯ ಪಾಳುಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಶಿಲ್ಪಗಳನ್ನು ಬ್ರಿಟಿಷ್ ಅಧಿಕಾರಿಗಳು ಮೊದಲು ಕೂಡಿಸಿಟ್ಟದ್ದು ಗಜಶಾಲೆಯಲ್ಲಿ. ಆನೆಗಳು ನಿಲ್ಲುತ್ತಿದ್ದ ಕಮಾನುಗಳ ಕೆಳಗೆ ದೇವರುಗಳು ನಿಂತಿದ್ದವು! 1972ರಲ್ಲಿ ಅವು ಕಮಲಾಪುರದ ಕಟ್ಟಡಕ್ಕೆ ಬಂದವು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸುವ ಈ ಸಂಗ್ರಹಾಲಯದಲ್ಲಿ ನಾಲ್ಕು ವಿಭಾಗಗಳಿವೆ. ಬಾಗಿಲಲ್ಲಿ ಕೃಷ್ಣದೇವರಾಯ ತನ್ನಿಬ್ಬರು ರಾಣಿಯರೊಡನೆ ಕೈಮುಗಿದು ನಿಂತಿದ್ದಾನೆ. ಮೂಲ ವಿಗ್ರಹಗಳಿರುವುದು ತಿರುಮಲೆಯಲ್ಲಿ, ಇಲ್ಲಿರುವುದು ಅವುಗಳ ಪ್ರತಿಕೃತಿ.

ಒಳಗೆ ಹೋದೊಡನೆ ಮಕ್ಕಳನ್ನು ನೇರವಾಗಿ ನಡುವಿನ ಅಂಗಳಕ್ಕೆ ಕರೆದೊಯ್ಯಬೇಕು. ಅಲ್ಲಿ ಇಡೀ ಹಂಪಿಯ ಮಾದರಿಯಿದೆ. ಬೆಟ್ಟ, ನದಿ, ಕೋಟೆ, ಗುಡಿ, ಪೇಟೆಬೀದಿ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟು ದೊಡ್ಡ ರಾಜಧಾನಿಗೆ ಈ ಕಲ್ಲುಗುಡ್ಡದ ಸೀಮೆಯೇ ಏಕೆ ಬೇಕಾಯಿತು?

ಮಾದರಿಯ ಸುತ್ತ ಒಂದು ಸುತ್ತು ಬಂದರೆ ಉತ್ತರ ತಾನಾಗಿ ಹೊಳೆಯುತ್ತದೆ. ಉತ್ತರಕ್ಕೆ ಬಂಡೆಗಳ ನಡುವೆ ಭೋರ್ಗರೆಯುವ ತುಂಗಭದ್ರೆ. ಸೈನ್ಯ ಸುಲಭವಾಗಿ ದಾಟಲಾರದು. ಸುತ್ತ ಗುಡ್ಡಗಳು, ಅವುಗಳ ನಡುವಿನ ಸಂದುಗಳನ್ನು ಮುಚ್ಚಿದರೆ ಕೋಟೆಯ ಅರ್ಧ ಕೆಲಸ ಮುಗಿಯಿತು. ಗೋಡೆಗೆ, ಗುಡಿಗೆ ಬೇಕಾದ ಕಲ್ಲು ಕಾಲ ಬುಡದಲ್ಲೇ ಇದೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ನಗರಕ್ಕೆ ಒಂದರೊಳಗೊಂದು ಏಳು ಕೋಟೆಗಳಿವೆ ಎಂದು ಬರೆದ. ಮಾದರಿಯನ್ನು ನೋಡಿದ ಮೇಲೆ ಆ ಮಾತು ಉತ್ಪ್ರೇಕ್ಷೆ ಎನಿಸುವುದಿಲ್ಲ.

ಕಲ್ಲಿಗೂ ಒಂದು ಗುಣವಿದೆ

ಮೊದಲ ವಿಭಾಗದಲ್ಲಿ ವೀರಭದ್ರ, ಭೈರವ, ಭಿಕ್ಷಾಟನಮೂರ್ತಿ, ಮಹಿಷಾಸುರಮರ್ದಿನಿ, ಗಣೇಶ, ಕಾರ್ತಿಕೇಯ ಮುಂತಾದ ಶೈವ ಶಿಲ್ಪಗಳಿವೆ. ದೊಡ್ಡವರು ಕೈಮುಗಿಯುತ್ತಾರೆ, ಮಕ್ಕಳು ಹೆಸರಿನ ಫಲಕ ಓದಿ ಮುಂದೆ ಸಾಗುತ್ತಾರೆ. ಹಾಗೆ ಸಾಗುವ ಮುನ್ನ ಕಲ್ಲಿನ ಕಡೆ ಗಮನ ಕೊಟ್ಟರೆ ಬೇರೊಂದು ಕಥೆ ತೆರೆದುಕೊಳ್ಳುತ್ತದೆ.

ಸಂಗ್ರಹಾಲಯದಲ್ಲಿ ಏನನ್ನೂ ಮುಟ್ಟುವಂತಿಲ್ಲ. ಆದ್ದರಿಂದ ಮುಟ್ಟಿ ನೋಡುವ ಪಾಠವನ್ನು ಹಿಂದಿನ ದಿನ ತರಗತಿಯಲ್ಲೇ ಮುಗಿಸಿಕೊಳ್ಳಬೇಕು. ಅದಕ್ಕೆ ಬೇಕಾಗುವುದು ಒಂದು ಬಳಪದ ತುಂಡು ಮತ್ತು ರಸ್ತೆ ಬದಿಯ ಒಂದು ಜಲ್ಲಿಕಲ್ಲು. ಬಳಪವನ್ನು ಉಗುರಿನಿಂದ ಕೆರೆಯಬಹುದು. ಜಲ್ಲಿಯನ್ನು ಚಾಕುವಿನಿಂದ ಕೆರೆದರೂ ಅದಕ್ಕೆ ಏನೂ ಆಗುವುದಿಲ್ಲ, ಚಾಕುವೇ ಮೊಂಡಾಗುತ್ತದೆ. ಗಡಸುತನವನ್ನು ಅಳೆಯುವ ಮೋಹ್ಸ್ ಮಾಪಕದಲ್ಲಿ ಉಗುರಿಗೆ ಸುಮಾರು 2.5, ಸಾಮಾನ್ಯ ಚಾಕುವಿಗೆ 5.5. ಬಳಪದ ಕಲ್ಲಿನಲ್ಲಿರುವ ಖನಿಜಗಳು 1ರಿಂದ 2.5ರ ಒಳಗೆ. ಕಣಶಿಲೆ, ಅಂದರೆ ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ 6, ಬೆಣಚು 7.

ಇಷ್ಟು ತಿಳಿದ ಹುಡುಗನಿಗೆ ನಮ್ಮ ಸೀಮೆಯ ಗುಡಿಗಳ ಚರಿತ್ರೆ ಅರ್ಧ ತಿಳಿದಂತೆ. ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯನ್ನೋ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರನನ್ನೋ ನೋಡಿದವರು ಅಲ್ಲಿನ ಕುಸುರಿ ಕೆಲಸಕ್ಕೆ ಬೆರಗಾಗುತ್ತಾರೆ. ಅವು ವಿಜಯನಗರಕ್ಕಿಂತ ಹಲವು ಶತಮಾನ ಹಿಂದಿನ, ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಮೆದು ಬಳಪದ ಕಲ್ಲಿನಲ್ಲಿ ಆ ಶಿಲ್ಪಿಗಳು ಮದನಿಕೆಯ ಸರದ ಒಂದೊಂದು ಮಣಿಯನ್ನೂ ಬಿಡಿಸಿದರು. ಹಂಪಿಯ ಶಿಲ್ಪಿಗೆ ಒದಗಿದ್ದು ಕಣಶಿಲೆ. ಅವನು ಸೂಕ್ಷ್ಮವನ್ನು ಬಿಟ್ಟು ಗಾತ್ರವನ್ನು ಹಿಡಿದ, ಕೆತ್ತನೆಯ ಬದಲು ನಿಲುವಿನಲ್ಲಿ ಮಾತಾಡಿದ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ 6.7 ಮೀಟರ್ ಎತ್ತರದ ನರಸಿಂಹನನ್ನು ನೋಡಿ. ಆ ಗಾಂಭೀರ್ಯ ಬಳಪದ ಕಲ್ಲಿಗೆ ದಕ್ಕುವಂಥದ್ದಲ್ಲ. ಚಾಲುಕ್ಯರವನು ಜಾಣ, ವಿಜಯನಗರದವನು ಒರಟ ಎಂಬ ಮಾತನ್ನು ಕೆಲವರು ಆಡುವುದುಂಟು. ಕಲ್ಲಿನ ಗುಣ ತಿಳಿದವರು ಹಾಗೆ ಹೇಳಲಾರರು.

ಈ ಕಣಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು 'ಕ್ಲೋಸ್‌ಪೇಟೆ ಗ್ರಾನೈಟ್' ಎನ್ನುತ್ತಾರೆ. ಅಲ್ಲಿಂದ ಇಲ್ಲಿಯವರೆಗೆ ಪಟ್ಟಿಯಂತೆ ಹರಡಿದ ಒಂದೇ ಕುಲದ ಕಲ್ಲು ಇದು. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳನ್ನು ಭೂಕಂಪ ಉರುಳಿಸಿದ್ದಲ್ಲ. ಸೀಳುಗಳಲ್ಲಿ ನೀರಿಳಿದು, ಬಿಸಿಲು ಮಳೆಗೆ ಮೂಲೆಗಳು ಸವೆದು ದುಂಡಾದವು ಅವು. ಅದನ್ನು ಬಂಡೆಯಿಂದ ಬಿಡಿಸಿದ ಬಗೆಯೂ ಹಂಪಿಯ ತುಂಬ ಬರೆದಿಟ್ಟಿದೆ. ಬಂಡೆಗಳ ಅಂಚಿನಲ್ಲಿ ಹೊಲಿಗೆ ಹಾಕಿದಂತೆ ಕಾಣುವ ಕುಳಿಗಳ ಸಾಲನ್ನು ನೋಡಿ. ಉಳಿಯಿಂದ ಕುಳಿ ತೋಡಿ, ಒಣ ಮರದ ಬೆಣೆ ಜಡಿದು, ನೀರು ಹನಿಸಿದರೆ ಮರ ಉಬ್ಬುತ್ತದೆ, ಕಲ್ಲು ಸೀಳುತ್ತದೆ. ಕಬ್ಬಿಣದ ಬೆಣೆ ಬಡಿದು ಸೀಳುವುದೂ ಉಂಟು. ಒತ್ತಡ ಎಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕೆ?

ಗಾಜಿನ ಪೆಟ್ಟಿಗೆಯ ಸಾಕ್ಷಿಗಳು

ಮುಂದಿನ ವಿಭಾಗಗಳಲ್ಲಿ ಆಯುಧಗಳು, ತಾಮ್ರಪಟಗಳು, ನಾಣ್ಯಗಳು, ಉತ್ಖನನದಲ್ಲಿ ಸಿಕ್ಕ ಗಾರೆಯ ಮೂರ್ತಿಗಳು, ಪಿಂಗಾಣಿ ಚೂರುಗಳು ಇವೆ. ಇಲ್ಲಿ ಮಕ್ಕಳ ನಡಿಗೆ ಇನ್ನಷ್ಟು ಚುರುಕಾಗುತ್ತದೆ. ದೊಡ್ಡ ಶಿಲ್ಪದ ಮುಂದೆ ನಿಂತವರು ಒಡೆದ ಬಟ್ಟಲ ಚೂರಿನ ಮುಂದೆ ನಿಲ್ಲುವರೆ? ಆದರೆ ರಾಜಧಾನಿಯ ದಿನನಿತ್ಯದ ಬದುಕನ್ನು ಹೇಳುವುದು ಈ ಚೂರುಗಳೇ. ಚೀನಾದಲ್ಲಿ ಸುಟ್ಟ ಬಟ್ಟಲು ಹಡಗು ಹತ್ತಿ, ಪಶ್ಚಿಮ ಕರಾವಳಿಯಲ್ಲಿ ಇಳಿದು, ಎತ್ತಿನ ಹೇರಿನಲ್ಲಿ ಘಟ್ಟ ಹತ್ತಿ ಇಲ್ಲಿ ಯಾರದೋ ಊಟದ ಮನೆ ಸೇರಿತ್ತು. ಸಮುದ್ರವೇ ಕಾಣದ ಈ ಊರು ಸಮುದ್ರದಾಚೆಗೆ ವ್ಯಾಪಾರ ಮಾಡಿತ್ತು ಎಂಬುದಕ್ಕೆ ಅಂಗೈಯಗಲದ ಸಾಕ್ಷಿ ಅದು.

ವಿಜಯನಗರದ ಚಿನ್ನದ ವರಾಹ ಸುಮಾರು 3.4 ಗ್ರಾಂ ತೂಗುತ್ತಿತ್ತು. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಅಷ್ಟು ಸಣ್ಣ ಜಾಗದಲ್ಲಿ ಉಮಾಮಹೇಶ್ವರ, ಬಾಲಕೃಷ್ಣ ಮುಂತಾದ ಮೂರ್ತಿಗಳನ್ನು ಅಚ್ಚೊತ್ತಿದರು. ಅಚ್ಯುತರಾಯನ ನಾಣ್ಯಗಳ ಮೇಲಿನ ಗಂಡಭೇರುಂಡವನ್ನು ಮಕ್ಕಳು ಇಂದೂ ನೋಡುತ್ತಾರೆ, ಕರ್ನಾಟಕ ಸರ್ಕಾರದ ಲಾಂಛನದಲ್ಲಿ.

ಗಾರೆಯ ಮೂರ್ತಿಗಳ ಮುಂದೆ ರಸಾಯನಶಾಸ್ತ್ರವನ್ನು ನೆನೆಯಬೇಕು. ಸುಣ್ಣದ ಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳಿದ ಸುಣ್ಣ. ಅದಕ್ಕೆ ಮರಳು ಬೆರೆಸಿ ಅರೆದು ಬಳಿದರೆ, ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗೋಪುರದ ತುದಿಗೆ ಭಾರದ ಕಲ್ಲನ್ನು ಏರಿಸುವ ಬದಲು ಇಟ್ಟಿಗೆ ಕಟ್ಟಿ ಗಾರೆಯಲ್ಲಿ ಮೂರ್ತಿ ಮಾಡಿದ ಜಾಣ್ಮೆಯ ಹಿಂದಿನ ಸೂತ್ರ ಇದು.

ದನ ಕಟ್ಟುವ ಕಲ್ಲು

ಸಂಗ್ರಹಾಲಯದಲ್ಲಿ ವೀರಗಲ್ಲುಗಳೂ ಮಾಸ್ತಿಗಲ್ಲುಗಳೂ ಇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ. ಊರಿನ ದನ ಕಾಯಲೋ ಹೆಣ್ಣುಮಕ್ಕಳ ಮಾನ ಕಾಯಲೋ ಹೋರಾಡಿ ಮಡಿದ ವೀರ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಮೇಲೆ ಸೂರ್ಯಚಂದ್ರರು, ಅವರಿರುವವರೆಗೆ ಈ ಕೀರ್ತಿ ಇರಲಿ ಎಂಬ ಹಾರೈಕೆ. ಮಾಸ್ತಿಗಲ್ಲಿನ ಗುರುತು ಬಳೆ ತೊಟ್ಟು ಮೇಲೆತ್ತಿದ ಹೆಣ್ಣಿನ ಕೈ. ಆ ಕೈಯ ಮುಂದೆ ಮಾತು ಬೇಡ, ಒಂದು ಕ್ಷಣ ಸುಮ್ಮನೆ ನಿಂತರೆ ಸಾಕು.

ಒಮ್ಮೆ ಇಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ, "ಸಾರ್, ಇಂಥದ್ದು ನಮ್ಮ ಕಣದಾಗೂ ಐತಿ. ಅದಕ್ಕ ಎಮ್ಮಿ ಕಟ್ತೀವಿ" ಎಂದ. ಉಳಿದವರು ನಕ್ಕರು. ಆದರೆ ಆ ದಿನದ ಪ್ರವಾಸದಲ್ಲಿ ಬಂದ ಅತ್ಯಂತ ಬೆಲೆಯುಳ್ಳ ಮಾತು ಅದೇ. ಗಾಜಿನ ಆಚೆ ಇರುವುದಕ್ಕೂ ತನ್ನ ಕಣದಲ್ಲಿರುವುದಕ್ಕೂ ಇರುವ ನಂಟನ್ನು ಆ ಹುಡುಗ ಕಂಡಿದ್ದ.

ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಬೊಮ್ಮನಹಳ್ಳಿ ಸೀಮೆಯಲ್ಲಿ ಇಂಥ ಕಲ್ಲುಗಳು ಬೇಲಿಯ ಮರೆಯಲ್ಲಿ, ಕೆರೆಯ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ ನಿಂತಿವೆ. ಕೆಲವು ಸುಣ್ಣ, ಎಣ್ಣೆಬಣ್ಣ ಬಳಿಸಿಕೊಂಡು ಅಕ್ಷರ ಕಳೆದುಕೊಂಡಿವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ನಿಧಿಯ ಆಸೆಗೆ ಬುಡ ಅಗೆಸಿಕೊಂಡು ಮಗುಚಿ ಬಿದ್ದವೂ ಇವೆ. ವೀರಗಲ್ಲಿನ ಬುಡದಲ್ಲಿ ನಿಧಿ ಇರುವುದಿಲ್ಲ. ಅದರ ಮೇಲಿನ ನಾಲ್ಕು ಸಾಲಿನ ಬರಹವೇ ನಿಧಿ.

ಮದ್ರಾಸಿಗೆ ಹೋದ ಬಾಲಕೃಷ್ಣ

ಕಮಲಾಪುರದಲ್ಲಿ ಕಾಣದ ಒಂದು ವಿಗ್ರಹದ ಮಾತನ್ನೂ ಹೇಳಬೇಕು. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ಅಲ್ಲಿಂದ ಬಾಲಕೃಷ್ಣನನ್ನು ತಂದು, ಹಂಪಿಯಲ್ಲಿ ಗುಡಿ ಕಟ್ಟಿಸಿ ನೆಲೆಗೊಳಿಸಿದ. ಗುಡಿ ಇಂದಿಗೂ ಇದೆ. ಬಾಲಕೃಷ್ಣ ಮಾತ್ರ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದಾನೆ.

ಅಷ್ಟು ದೂರ ಏಕೆ ಹೋದ ಎಂದು ಮಕ್ಕಳು ಕೇಳುತ್ತಾರೆ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ ಭಾಗ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಮ್ಮ ಅರ್ಜಿಗಳಂತೆ ನಮ್ಮ ವಿಗ್ರಹಗಳೂ ಮದ್ರಾಸಿನ ದಾರಿ ಹಿಡಿಯುತ್ತಿದ್ದವು. ಒಂದು ವಿಗ್ರಹ ಈಗಿರುವ ಜಾಗ ಮತ್ತು ಅದು ಹುಟ್ಟಿದ ಜಾಗಗಳ ನಡುವೆ ಗೆರೆ ಎಳೆದರೆ ಅದೇ ಒಂದು ಚರಿತ್ರೆಯ ಪಾಠ.

ಗೋಡೆಯಿಲ್ಲದ ಚಿತ್ರಶಾಲೆ

ಇಷ್ಟು ನೋಡಿಕೊಂಡು ನಾಲ್ಕು ಕಿಲೋಮೀಟರ್ ಮುಂದೆ ಹೋದರೆ ಹಂಪಿ. ಈಗ ಅದು ಬೇರೆಯೇ ಆಗಿ ಕಾಣುತ್ತದೆ.

ದಾರಿಯಲ್ಲೇ ಇರುವ ರಾಜಾಂಗಣದಲ್ಲಿ ಮೆಟ್ಟಿಲುಗಳ ಪುಷ್ಕರಣಿಯಿದೆ. 1980ರ ದಶಕದ ಉತ್ಖನನದಲ್ಲಿ ಹೊರಬಂದ ಇದು ಮಣ್ಣಿನಡಿ ಶತಮಾನಗಳ ಕಾಲ ಬೆಚ್ಚಗೆ ಮಲಗಿತ್ತು. ಕಪ್ಪು ಕಲ್ಲಿನ ತುಂಡುಗಳ ಮೇಲೆ ಸಣ್ಣ ಕನ್ನಡ ಅಕ್ಷರಗಳ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂಬ ಲೆಕ್ಕ ಅದು. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದರು ಎಂದಾಯಿತು. ಹಾಗೆ ಗುರುತು ಹಾಕಿದ ಕಲ್ಲುಕುಟಿಗನಿಗೂ ಅದನ್ನು ನೋಡಿ ಜೋಡಿಸಿದವನಿಗೂ ಅಕ್ಷರ ಗೊತ್ತಿತ್ತು! ಪಕ್ಕದ ಹಜಾರರಾಮನ ಗುಡಿಯ ಗೋಡೆಗಳಲ್ಲಿ ರಾಮಾಯಣವೇ ಸಾಲುಸಾಲಾಗಿ ನಡೆದಿದೆ. ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಕಾವಲಿ ಮೇಲಿನ ದೋಸೆಯಂತೆ ಅವಸರ ಮಾಡದೆ ಒಂದು ಸುತ್ತು ಬಂದರೆ ಅದೊಂದು ಚಿತ್ರಕಥೆ.

ವಿರೂಪಾಕ್ಷ ಗುಡಿಯ ರಂಗಮಂಟಪವನ್ನು ಕೃಷ್ಣದೇವರಾಯ 1510ರಲ್ಲಿ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ. ಅದರ ಚಾವಣಿಯ ತುಂಬ ಬಣ್ಣದ ಚಿತ್ರಗಳು: ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರು, ಗಿರಿಜಾ ಕಲ್ಯಾಣ, ಶಿವನತ್ತ ಬಾಣ ಹೂಡಿದ ಮನ್ಮಥ, ಮತ್ಸ್ಯಯಂತ್ರ ಹೊಡೆಯುವ ಅರ್ಜುನ. ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕತ್ತು ನೋಯುವವರೆಗೆ ನೋಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅದೇ ಗುಡಿಯ ಹಿಂಬದಿಯ ಕೋಣೆಯ ಗೋಡೆಯಲ್ಲಿ ಸುಮಾರು 50 ಮೀಟರ್ ಎತ್ತರದ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಪವಾಡವೆಂದು ಹೇಳುವವರುಂಟು. ಇದು ಸೂಜಿರಂಧ್ರ ಕ್ಯಾಮೆರಾ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯ ಕಿರಣ ರಂಧ್ರವನ್ನು ಹಾಯ್ದು ಗೋಡೆಯ ಕೆಳಭಾಗಕ್ಕೂ, ಬುಡದ ಕಿರಣ ಮೇಲ್ಭಾಗಕ್ಕೂ ಬೀಳುತ್ತದೆ. ಗೋಪುರ ರಂಧ್ರದಿಂದ 100 ಮೀಟರ್, ಗೋಡೆ 4 ಮೀಟರ್ ದೂರದಲ್ಲಿದೆ ಎಂದು ಭಾವಿಸಿದರೆ ಬಿಂಬದ ಎತ್ತರವೆಷ್ಟು? 50ನ್ನು 4ರಿಂದ ಗುಣಿಸಿ 100ರಿಂದ ಭಾಗಿಸಿ: 2 ಮೀಟರ್. ನಿಜವಾದ ದೂರವನ್ನು ಹೆಜ್ಜೆಯಲ್ಲಿ ಅಳೆದು ಲೆಕ್ಕವನ್ನು ಒರೆಗೆ ಹಚ್ಚುವ ಕೆಲಸ ಮಕ್ಕಳದು. ಕಾರಣ ತಿಳಿದರೆ ಬೆರಗು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ವಿಠ್ಠಲ ಗುಡಿಯ ಸಂಗೀತ ಕಂಬಗಳ ಮಾತೂ ಹೀಗೆಯೇ. ಅವು ಟೊಳ್ಳಲ್ಲ. ಒಂದೇ ಕಲ್ಲಿನಲ್ಲಿ ಬಿಡಿಸಿದ ತೆಳುವಾದ ಗಟ್ಟಿ ಕಂಬಗಳು ತಮ್ಮ ಉದ್ದ, ದಪ್ಪಕ್ಕೆ ತಕ್ಕ ಆವರ್ತದಲ್ಲಿ ಕಂಪಿಸುತ್ತವೆ. ಕಲ್ಪಾಕಂನ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಕ್ಕೆ ಧಕ್ಕೆಯಾಗದಂತೆ ಇದನ್ನು ಪರೀಕ್ಷಿಸಿದ್ದಾರೆ. ಈಗ ಯಾರೂ ಅವನ್ನು ಬಡಿಯುವಂತಿಲ್ಲ, ಬಡಿಯಬಾರದು ಕೂಡ.

ಎದುರಿಗೇ ಕಲ್ಲಿನ ರಥ. 2017ರಿಂದ ಐವತ್ತು ರೂಪಾಯಿ ನೋಟಿನ ಬೆನ್ನ ಮೇಲೆ ದೇಶವೆಲ್ಲ ತಿರುಗುತ್ತಿರುವ ರಥ ಇದೇ. ಅದು ಏಕಶಿಲೆಯಲ್ಲ, ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ ಗರುಡನ ಗುಡಿ. ಆನೆಗಳ ಹಿಂದೆ ಇಣುಕಿದರೆ ಮೊದಲಿದ್ದ ಕುದುರೆಗಳ ಗುರುತು ಕಾಣುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಇಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಶತಮಾನದಲ್ಲಿ ಏನೇನು ಹೋಯಿತೆಂದು ತಿಳಿಯುತ್ತದೆ.

ಕೆಡವಿದವರು ಯಾರು?

ಮುರಿದ ಮೂಗು, ತುಂಡಾದ ಕೈ ಕಂಡಾಗಲೆಲ್ಲ ಮಕ್ಕಳು ಕೇಳುವ ಪ್ರಶ್ನೆ ಇದು. 1565ರ ಯುದ್ಧದ ಸೋಲು, ಆಮೇಲಿನ ಲೂಟಿ ಎಂಬ ಉತ್ತರ ಪಠ್ಯಪುಸ್ತಕದಲ್ಲಿದೆ. ಅದು ನಿಜ, ಆದರೆ ಪೂರ್ತಿಯಲ್ಲ. ಅನಂತರದ ಶತಮಾನಗಳಲ್ಲಿ ನಿಧಿಗಳ್ಳರು ಪೀಠಗಳನ್ನು ಅಗೆದರು, ಆಲ ಅರಳಿಯ ಬೇರುಗಳು ಗೋಪುರಗಳನ್ನು ಸೀಳಿದವು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು.

2019ರ ಫೆಬ್ರುವರಿಯಲ್ಲಿ ಇನ್ನೊಂದು ಉತ್ತರ ಸಿಕ್ಕಿತು. ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಆವರಣದಲ್ಲಿ ಯುವಕರು ಕಂಬವನ್ನು ತಳ್ಳಿ ಕೆಡವಿ, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ದೇಶಕ್ಕೆಲ್ಲ ಗೊತ್ತಾಯಿತು. ನ್ಯಾಯಾಲಯ ಒಬ್ಬೊಬ್ಬರಿಗೂ 70,000 ರೂಪಾಯಿ ದಂಡ ಹಾಕಿತು. ಕೆಡವಿದ ಕಂಬಗಳನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿದ್ದಾಯಿತು. ಅವರು ಶತ್ರು ಸೈನಿಕರಲ್ಲ, ಯಾರದೋ ಮನೆಯ ಮಕ್ಕಳು. ಕಂಬ ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದೇ ನನಗೆ ತೋರುತ್ತದೆ. ಒಂದು ಕುಳಿ ತೋಡಲು ಎಷ್ಟು ಏಟು ಬೇಕು, ಕಣಶಿಲೆಗೆ ಉಳಿ ಎಷ್ಟು ಬೇಗ ಮೊಂಡಾಗುತ್ತದೆ ಎಂದು ಬಲ್ಲ ಹುಡುಗ ಕಂಬಕ್ಕೆ ಭುಜ ಕೊಡುವುದು ಅದನ್ನು ನಿಲ್ಲಿಸಲು ಮಾತ್ರ.

ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಕಾನೂನಿದೆ. ಆದರೆ ಪ್ರತಿ ಕಂಬಕ್ಕೂ ಒಬ್ಬ ಕಾವಲುಗಾರನನ್ನು ಇಡಲು ಯಾವ ಇಲಾಖೆಗೂ ಆಗದು. ಆ ಕಾವಲನ್ನು ಮನೆಯಲ್ಲಿ, ತರಗತಿಯಲ್ಲಿ ತಯಾರು ಮಾಡಬೇಕು.

ಹೋಗುವವರಿಗೆ

ಕಮಲಾಪುರದ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಉಳಿದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿದ್ದರೆ ಒಳ್ಳೆಯದು. ಟಿಕೆಟ್ ದರ ಬಹಳ ಕಡಿಮೆ, 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಹೊಸಪೇಟೆಯಿಂದ ಬಸ್ಸು, ಆಟೊ ಧಾರಾಳ. ಒಂದೂವರೆ ಗಂಟೆಯಾದರೂ ಇಲ್ಲಿಗೆ ಮೀಸಲಿಡಿ. ಇಡೀ ಹಂಪಿಯನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಮೂರು ಗುಡಿ ಚೆನ್ನಾಗಿ ನೋಡಿದರೆ ಮೂವತ್ತು ನೋಡಿದ ಫಲ. ಮಕ್ಕಳ ಕೈಗೆ ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಮೊಬೈಲಿನಲ್ಲಿ ತೆಗೆದ ನೂರು ಚಿತ್ರ ಮರೆತುಹೋಗುತ್ತವೆ, ಕೈಯಾರೆ ಬರೆದ ಒಂದು ವಕ್ರ ಗೆರೆ ನೆನಪಿನಲ್ಲಿ ಉಳಿಯುತ್ತದೆ.

ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯವೋ ವಿಗ್ರಹವೋ ಸಿಕ್ಕರೆ ಬಚ್ಚಿಡಬೇಡಿ. ನಿಕ್ಷೇಪ ಕಾನೂನಿನಂತೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ತಹಶೀಲ್ದಾರರ ಕಚೇರಿಗೆ ಒಂದು ಮಾತು ಮುಟ್ಟಿಸಿದರೂ ಕೆಲಸ ಶುರುವಾಗುತ್ತದೆ.

ಪ್ರವಾಸದಿಂದ ಬಂದ ಮೇಲಿನ ಭಾನುವಾರ ಅಪ್ಪ ಅಮ್ಮ ಮಕ್ಕಳೊಡನೆ ತಮ್ಮ ಊರಿನ ಸುತ್ತ ಒಂದು ಸುತ್ತು ನಡೆಯಲಿ. ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಎಷ್ಟು ಕಲ್ಲುಗಳಿವೆ, ಯಾವುದರಲ್ಲಿ ಸೂರ್ಯಚಂದ್ರರಿದ್ದಾರೆ, ಯಾವುದರಲ್ಲಿ ಅಕ್ಷರವಿದೆ ಎಂದು ಮಕ್ಕಳು ಬರೆದುಕೊಳ್ಳಲಿ. ಅಜ್ಜಿಯನ್ನು ಕೇಳಿದರೆ ಅದರ ಕಥೆಯೂ ಸಿಕ್ಕೀತು. ಎಮ್ಮೆ ಕಟ್ಟಲು ಬೇರೆ ಗೂಟ ನೆಡಬಹುದು. ವೀರಗಲ್ಲನ್ನು ಮತ್ತೆ ಕಡೆಯುವವರು ಯಾರೂ ಇಲ್ಲ.